ಎಲ್ಲಿ ಸಹಿ ಮಾಡ್ಲಿ ಅಂತ ಕೇಳೂದು ಸಾಕ್ರವಾ

ಹೋದ ವಾರ ನಮ್ಮ ಓಣ್ಯಾಗ ಹೊಸಾ ಮನಿ ಕೊಂಡವರ ಕಡೆ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಉಡಿ ತುಂಬಿಸಿಕೊಂಡು, ಚಹಾ ಕುಡದು, ಎಲ್ಲಾರೂ ಕೂಡಿ ಮನಿ ನೋಡಿದ್ವಿ. ಅಡಗಿ ಕಟ್ಟಿ ಕಲ್ಲು ಫೂಟಿಗೆ ಎಷ್ಟು ಬಿತ್ತು, ದೇವರ ಮನಿ ಬಾಗಲಾ ಸಾಗವಾನಿದೋ ಬ್ಯಾರೇದೋ, ಬೋರಿಗೆ ಎಷ್ಟು ಫೂಟಿಗೆ ನೀರು ಹತ್ತೇದ, ಎಲ್ಲಾ ಕೇಳಿದ್ವಿ. ಮನಿ ಒಡತಿ ಒಂದೊಂದಕ್ಕೂ ಪಟಪಟ ಅಂತ ಉತ್ತರಾ ಕೊಟ್ಲು. ನನ್ನ ಬಾಯಿ ಸುಮ್ಮನ ಇರೂದಿಲ್ಲ, ಕೇಳಿದೆ: "ಖರೇದಿ ಪತ್ರ ಯಾರ ಹೆಸರಿಲೆ ಆಗೇದವಾ?"

"ಅದೆಲ್ಲಾ ನನಗೇನ್ ತಿಳೀತದ್ರೀ ಕಾಕೂ. ಇವರು ಎಲ್ಲೆಲ್ಲಿ ಸಹಿ ಮಾಡು ಅಂದ್ರು ಅಲ್ಲಲ್ಲಿ ಮಾಡಿ ಬಂದೆ" ಅಂದ್ಲು.

ಎಲ್ಲಾರೂ ನಕ್ಕರು. ನನಗ ನಗು ಬರಲಿಲ್ಲ. ಕಟ್ಟಿ ಕಲ್ಲಿನ ರೇಟು ಗೊತ್ತದ, ಆ ಕಟ್ಟಿ ಯಾರದು ಅನ್ನೋದು ಗೊತ್ತಿಲ್ಲ.

ನಾವೇನು ದಡ್ಡರಲ್ಲ. ಸೌತಿಕಾಯಿ ತುದಿ ಮುರದು ಕಹಿ ನೋಡಿ ತಗೋತೀವಿ. ಪತ್ತಾರನ ಅಂಗಡ್ಯಾಗ ತಕ್ಕಡಿ ಮುಳ್ಳು ನಿಂತ ಮ್ಯಾಲೂ ಇನ್ನೊಮ್ಮೆ ತೂಗು ಅಂತೀವಿ. ಭಾಂಡೆದಾಕಿ ಎರಡು ದಿವಸ ಬರಲಿಲ್ಲ ಅಂದ್ರ ತಿಂಗಳ ಕೊನೀಗೆ ಲೆಕ್ಕ ತಪ್ಪಂಗಿಲ್ಲ. ಜನ್ಮದಾಗ ಒಂದೇ ಸಲ ತಗೊಳ್ಳೋ ವಸ್ತು ಅಂದ್ರ ಮನಿ. ಅಲ್ಲಿ ಮಾತ್ರ ಕಣ್ಣು ಮುಚ್ಚಿ "ಎಲ್ಲಿ ಸಹಿ ಮಾಡ್ಲಿ?" ಅಂತೀವಿ. ಇದು ಸಾಧ್ವೀತನ ಅಲ್ಲ, ಮೈಗಳ್ಳತನ. ಸಿಟ್ಟು ಬಂದ್ರ ಬರಲಿ. ನನಗ ಹೇಳಲಿಕ್ಕೆ ಹಕ್ಕದ, ಯಾಕಂದ್ರ ಈ ಮೈಗಳ್ಳತನಾ ನಾನೂ ಮಾಡಿ, ಅದರ ಬೆಲೆ ತೆತ್ತು ಕೂತೇನಿ.

ನಮ್ಮ ಮನಿ 2009ರಾಗ ಕೊಂಡಿದ್ದು. ನಮ್ಮಿಬ್ಬರ ಹೆಸರಿಲೆ ಅದ, ಅದು ನಮ್ಮ ಮಾವನವರ ಪುಣ್ಯಾ, ಅವರು ಹಟಾ ಹಿಡದು ಮಾಡಿಸಿದ್ರು. ಏಳು ವರ್ಷ ಕಂತು ಕಟ್ಟಿದ್ವಿ. 2016ರಾಗ ಒಬ್ಬ ಏಜೆಂಟ ಹುಡುಗ ಬಂದಾ. ಸಾಲಾ ಇನ್ನೊಂದು ಕಡೆ ವರ್ಗಾ ಮಾಡಿದ್ರ ಬಡ್ಡಿ ಅರ್ಧ ಪರ್ಸೆಂಟು ಕಡಿಮಿ ಆಗ್ತದ, ಮ್ಯಾಲ ಟಾಪ್-ಅಪ್ ಅಂತ ಇನ್ನಷ್ಟು ರೊಕ್ಕಾನೂ ಸಿಗ್ತದ ಅಂದಾ. ಆವಾಗ ಮೈದುನಂದು ಹೊಸಾ ವ್ಯಾಪಾರ, ರೊಕ್ಕದ ಅಡಚಣಿ ಇತ್ತು. ಇವರು ಹೂಂ ಅಂದ್ರು. ನಾ ಅವತ್ತು ಒಲೀ ಮುಂದ ಕಡಬು ಕರೀಲಿಕತ್ತಿದ್ದೆ. ಹುಡುಗ ಕಾಗದದ ಗಂಟು ತಂದು ಡೈನಿಂಗ್ ಟೇಬಲ್ಲಿನ ಮ್ಯಾಲ ಹರವಿದಾ. ಸಹಿ ಮಾಡೋ ಜಾಗಾಕ್ಕ ಪೆನ್ಸಿಲ್ಲಿಲೆ ಗುಣಾಕಾರದ ಗುರುತು ಹಾಕಿದ್ದಾ. ನಾ ಸೆರಗಿಗೆ ಕೈ ಒರಸಿಕೊಂಡು, ಕನ್ನಡಕ ಇಲ್ಲದನ, ಗುರುತು ಕಂಡಲ್ಲೆಲ್ಲಾ ಸಹಿ ಮಾಡಿದೆ. ಎಣಿಸಲಿಲ್ಲ, ಇಪ್ಪತ್ತರ ಮ್ಯಾಲ ಇದ್ದಾವು. ಹುಡುಗಗ ಎರಡು ಕಡಬು ಕೊಟ್ಟೆ, ತಿಂದಾ, ಹೋದಾ.

2021ರಾಗ ನೋಟೀಸು ಬಂತು. ಮೈದುನನ ವ್ಯಾಪಾರ ಲಾಕ್‌ಡೌನಿನಾಗ ಮುಳುಗಿತ್ತು, ಟಾಪ್-ಅಪ್ ಕಂತು ಅಂವ ಕಟ್ಟಬೇಕಾಗಿದ್ದು ನಿಂತಿತ್ತು, ಇವರು ನನ್ನ ಮುಂದ ಹೇಳಿರಲಿಲ್ಲ. ಪೋಸ್ಟಮನ್ನ ನನ್ನ ಹೆಸರಿನ ಮ್ಯಾಲನ ಒಂದು ಲಕೋಟಿ ಕೊಟ್ಟಾ. ನನ್ನ ಹೆಸರಿಗೆ ಲಗ್ನಪತ್ರಿಕಾ ಬಿಟ್ರ ಬ್ಯಾರೆ ಏನೂ ಬರೂದಿಲ್ಲ. ಒಡದು ಓದಿದೆ. ಇಂಗ್ಲೀಷಿನಾಗಿತ್ತು, ಆದ್ರೂ ಪಿ.ಯು.ಸಿ. ತನಕ ಓದಿದಾಕಿಗೆ 'ಸಿಕ್ಸ್ಟಿ ಡೇಸ್' ಅನ್ನೋದು ತಿಳೀಲಾರದ ಇರ್ತದೇನು? ಅರವತ್ತು ದಿವಸದಾಗ ಪೂರಾ ಸಾಲಾ ತೀರಿಸ್ರಿ, ಇಲ್ಲಾಂದ್ರ ಮನಿ ನಮ್ಮ ತಾಬಾಕ್ಕ ತಗೋತೀವಿ ಅಂತ.

ಅದರ ಕಾಯ್ದೆ ಹೆಸರು ಸರ್ಫೇಸಿ, 2002ರದು. ಮೂರು ತಿಂಗಳು, ಅಂದ್ರ 90 ದಿವಸ, ಕಂತು ಬಾಕಿ ಬಿತ್ತಂದ್ರ ಸಾಲಾ ಕೆಟ್ಟ ಸಾಲದ ಪಟ್ಟಿಗೆ ಹೋಗ್ತದ. ಆಮ್ಯಾಲ 60 ದಿವಸದ ನೋಟೀಸು. ಅದೂ ದಾಟಿದ್ರ ಕೋರ್ಟಿನಾಗ ದಾವಾ ಹೂಡಿ ವರ್ಷಗಟ್ಲೆ ಕಾಯೋ ಗರಜೇ ಇಲ್ಲ, ಬಾಗಲಿಗೆ ಕಾಗದಾ ಹಚ್ಚಬಹುದು, ಎರಡು ಪೇಪರಿನಾಗ ಜಾಹೀರಾತು ಕೊಡಬಹುದು, ಒಂದು ನಮ್ಮ ಭಾಷಾದ ಪೇಪರ ಇರಬೇಕು. ಇಡೀ ಊರಿಗೆ ತಿಳೀಲಿ ಅಂತ. ನಮಗೇನರ ತಕರಾರಿದ್ರ ಆ ಕ್ರಮ ಆದ 45 ದಿವಸದೊಳಗ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. ಇದೆಲ್ಲಾ ನಮ್ಮ ಅಕ್ಕನ ಮಗಳು ವಕೀಲಿಕಿ ಮಾಡ್ತಾಳ, ಆಕಿ ಹೇಳಿದ್ದು. ನಾ ಆಕಿ ಮುಂದ ಅತಗೋತ ಅಂದೆ, "ನಾ ಬರೇ ಸಹಿ ಮಾಡೇನವಾ, ಸಾಲಾ ನಂದಲ್ಲ." ಆಕಿ ಅಂದ್ಲು, "ಮೌಶಿ, ಸಹಿ ಮಾಡಿದ ಮ್ಯಾಲ 'ಬರೇ' ಅನ್ನೋ ಶಬ್ದನ ಇಲ್ಲ."

ನನ್ನ ನಾಕು ಪಾಟಲಿ, ಎರಡು ಬಿಲ್ವಾರ ಹೋದವು. ಬಾಕಿ ಕಂತು ಪೂರಾ ಕಟ್ಟಿದ ಮ್ಯಾಲ ಖಾತೆ ಸರಿ ಆತು, ಮನಿ ಉಳೀತು. ಬಂಗಾರದ ಸಲುವಾಗಿ ನಾ ಇದನ್ನ ಬರೀಲಿಕತ್ತಿಲ್ಲ. ಕೇಳಿದವರ ಮುಂದ "ನನಗ ಗೊತ್ತಿದ್ದಿದ್ದಿಲ್ಲ" ಅಂತ ಹೇಳಿದೆನಲ್ಲ, ಆ ನಾಚಿಕಿ ಸಲುವಾಗಿ ಬರೀತೇನಿ.

ಈಗ ನಾಕು ಶಬ್ದ ಛಂದಾಗಿ ತಿಳಕೋರಿ, ಯಾಕಂದ್ರ ಈ ನಾಕರೊಳಗನ ನಮ್ಮನ್ನ ಮಂಗ್ಯಾ ಮಾಡ್ತಾರ. ಖರೇದಿ ಪತ್ರದಾಗ ಹೆಸರಿದ್ದಾಕಿ ಮನಿ ಮಾಲಕಳು. ಸಾಲದ ಅರ್ಜಿಯೊಳಗ ಗಂಡನ ಜೋಡಿ ಹೆಸರಿದ್ದಾಕಿ ಸಹ-ಸಾಲಗಾರಳು. ಜಾಮೀನು ನಿಂತಾಕಿ ಜಾಮೀನುದಾರಳು. ನಾಮಿನಿ ಅಂತ ಬರಸಿದಾಕಿ ನಾಮಿನಿ. ಮನಿ ಮಾಲಕಳಾದಾಕಿನ್ನ ಬ್ಯಾಂಕಿನವರು ಸಾಲದಾಗೂ ಸೇರಿಸೇ ಸೇರಿಸ್ತಾರ. ಆದ್ರ ಸಾಲದಾಗ ಸೇರಿಸಿದ ಮಾತ್ರಕ್ಕ ಆಕಿ ಮನಿ ಮಾಲಕಳು ಆಗಂಗಿಲ್ಲ! ಇದನ್ನ ಎರಡು ಸಲ ಓದ್ರಿ. ಎಷ್ಟು ಮನ್ಯಾಗ ಹೆಂಡತಿ ಟೀಚರ್ ನೌಕರಿ ಮಾಡ್ತಾಳಂತ ಆಕಿ ಪಗಾರ ತೋರಿಸಿ ಹೆಚ್ಚಿನ ಸಾಲಾ ತಗೊಂಡಿರ್ತಾರ, ಖರೇದಿ ಪತ್ರ ಮಾತ್ರ ಗಂಡನ ಒಬ್ಬನ ಹೆಸರಿಲೆ, ಇಲ್ಲಾ ಗಂಡ ಮತ್ತ ಅವನ ಅಪ್ಪನ ಹೆಸರಿಲೆ ಇರ್ತದ. ಆಕಿಗೆ ಸಾಲದಾಗ ಪೂರಾ ಪಾಲು, ಮನ್ಯಾಗ ಒಂದು ಇಟ್ಟಂಗೀನೂ ಇಲ್ಲ. ಇಂಥಾ ಅನ್ಯಾಯಕ್ಕ ನಾವು 'ನಮ್ಮಿಬ್ಬರ ಮನಿ' ಅಂತ ಹೆಸರಿಟ್ಟು ಬಾಗಲಿಗೆ ತೋರಣ ಕಟ್ಟತೀವಿ.

ಜಾಮೀನು ಅಂದ್ರ 'ಗುರುತಿನವರು' ಅಂತ ಸಾಕ್ಷಿ ಹೇಳೂದು ಅಂತ ತಿಳಕೊಂಡವರು ಇನ್ನೂ ಭಾಳ ಮಂದಿ ಇದ್ದಾರ. ಅಲ್ಲರೀ. 1872ರ ಕರಾರು ಕಾಯ್ದೆ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕಿನವರು ಮೊದಲು ಅವನ್ನ ಕೇಳಿ ಆಮ್ಯಾಲ ನಿಮ್ಮನ್ನ ಕೇಳಬೇಕಂತ ಇಲ್ಲ, ನೇರ ನಿಮ್ಮ ಬಾಗಲಿಗೇ ಬರಬಹುದು.

ನಾಮಿನಿ ಅಂತೂ ದೊಡ್ಡ ಭ್ರಮಾ. ನಾಮಿನಿ ಮಾಲಕ ಅಲ್ಲ, ವಾರಸದಾರರ ಪರವಾಗಿ ಕೈಯಾಗ ಹಿಡಕೊಳ್ಳೋ ಮನಷ್ಯಾ. ನಮ್ಮ ಹಿಂದಿನ ಓಣಿ ಒಬ್ಬಾಕಿ, ಗಂಡ ಕರೋನಾದಾಗ ತೀರಿಕೊಂಡ. ಮನಿ ಅವನ ಒಬ್ಬನ ಹೆಸರಿಲೆ, ವಿಲ್ ಮಾಡಿರಲಿಲ್ಲ. ಎಲ್ಲಾ ಕಡೆ ನನ್ನ ನಾಮಿನಿ ಮಾಡ್ಯಾರ, ಮನೀನೂ ನಂದೇ ಅಂತ ತಿಳಕೊಂಡಿದ್ಲು. ಹಿಂದೂ ಉತ್ತರಾಧಿಕಾರ ಕಾಯ್ದೆಯೊಳಗ ಗಂಡಸು ವಿಲ್ ಇಲ್ಲದ ತೀರಿಕೊಂಡ್ರ ಅವನ ಸ್ವಂತ ಗಳಿಕಿ ಹೆಂಡತಿಗೆ, ಮಕ್ಕಳಿಗೆ, ಅವನ ತಾಯಿಗೆ ಸಮಾ ಪಾಲು. ಅತ್ತಿಗೂ ಒಂದು ಪಾಲು. ಅತ್ತಿ ತನ್ನ ಪಾಲು ಇನ್ನೊಬ್ಬ ಮಗಗ ಬರದು ಕೊಟ್ಟಾಳ, ಈಗ ಮೈದುನ ಬಂದು ಅಂಗಳದಾಗ ನಿಂತಾನ. ಸಾಲಕ್ಕ ವಿಮಾ ಮಾಡಿಸಿದ್ದು ಇತ್ತಲ್ಲ ಅಂತ ನೋಡಿದ್ರ, ವಿಮಾ ಆಕಿ ಜೀವದ ಮ್ಯಾಲ ಇತ್ತು, ಗಂಡನ ಮ್ಯಾಲ ಇರಲಿಲ್ಲ. ಇಬ್ಬರೂ ಸಾಲಗಾರರು, ಏಜೆಂಟ ಯಾರ ಹೆಸರು ಬರದಾ ಅಂತ ಯಾರೂ ನೋಡಿದ್ದಿಲ್ಲ.

ಈಗ ನೀವು ಕೇಳ್ತೀರಿ, ಕಾಗದ ಎಲ್ಲಾ ಇಂಗ್ಲೀಷಿನಾಗ ಇರ್ತಾವು, ನಾವು ಹೆಂಗ ಓದೂದು? ಬರೋಬ್ಬರಿ ಮಾತು. ಆದ್ರ ಒಂದು ಗುಟ್ಟು ಹೇಳ್ತೇನಿ. ಆ ಗಂಟಿನಾಗ ಒಂದು ಹಾಳಿ ಇರ್ತದ: "ಇದರೊಳಗಿನ ವಿಷಯ ನನಗ ತಿಳಿಯೋ ಭಾಷಾದಾಗ ಓದಿ ಹೇಳಿದ್ದಾರ, ನಾ ತಿಳಕೊಂಡೇನಿ" ಅಂತ. ಅದಕ್ಕೂ ಪೆನ್ಸಿಲ್ ಗುರುತು ಇರ್ತದ, ಅದಕ್ಕೂ ನಾವು ಸಹಿ ಮಾಡಿರ್ತೀವಿ! ಓದಿ ಹೇಳಿದವರು ಯಾರು, ಕೇಳಿದವರು ಯಾರು? ನಾ ಅಂತೂ ಕಡಬು ಕರೀತಿದ್ದೆ.

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬಂದದ, ಹೊಸಾ ಸಾಲಕ್ಕ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅಂತ ಒಂದು ಸರಳ ಪತ್ರಕ ಕೊಡಲೇಬೇಕು. ಬಡ್ಡಿ ಎಷ್ಟು, ಖರ್ಚು-ವೆಚ್ಚ ಎಲ್ಲಾ ಕೂಡಿಸಿ ವರ್ಷಕ್ಕ ಖರೇ ಎಷ್ಟು ಬೀಳ್ತದ, ದಂಡಾ ಎಷ್ಟು, ಎಲ್ಲಾ ಅದರಾಗ ಇರ್ತದ. ಸಾಲಗಾರರಿಗೆ ತಿಳಿಯೋ ಭಾಷಾದಾಗ ಕೊಡಬೇಕು, ವಿವರಿಸಿ ಹೇಳಬೇಕು, ಓದಿ ವಿಚಾರ ಮಾಡಲಿಕ್ಕೆ ಕಡಿಮಿ ಅಂದ್ರೂ ಮೂರು ಕೆಲಸದ ದಿವಸ ಬಿಡಬೇಕು. ಹಂಗಾದ್ರ "ಇವತ್ತೇ ಸಹಿ ಆಗಬೇಕ್ರಿ ಮ್ಯಾಡಂ, ನಾಳೆ ಆಫರ್ ಮುಗೀತದ" ಅನ್ನೋ ಏಜೆಂಟನ ಮಾತಿಗೆ ಏನು ಬೆಲೆ? "ಕನ್ನಡದಾಗ ಕೊಡ್ರಿ, ಮೂರು ದಿವಸ ಬಿಟ್ಟು ಬರ್ರಿ" ಅನ್ನೋ ಎರಡು ಮಾತು ನಮ್ಮ ಬಾಯಿಂದ ಬರಬೇಕು. ಕಾಯಿಪಲ್ಲೆದವನ ಕೂಡ ಇದಕ್ಕಿಂತ ಹೆಚ್ಚು ಮಾತಾಡ್ತೀವಿ.

ಸಾಲಾ ವರ್ಗಾ ಮಾಡೋ ಮಂದಿಗೆ ಇನ್ನೊಂದಿಷ್ಟು. ಬಡ್ಡಿ ಕಡಿಮಿ ಅಂತ ಓಡೂಕಿಂತ ಮೊದಲು ಇದ್ದ ಬ್ಯಾಂಕಿಗೇ ಹೋಗಿ ಬಡ್ಡಿ ಇಳಸ್ರಿ ಅಂತ ಕೇಳ್ರಿ, ಸಣ್ಣ ಫೀ ತಗೊಂಡು ಭಾಳ ಕಡೆ ಇಳಸ್ತಾರ. ಬದಲಾಗೋ ಬಡ್ಡಿಯ ಮನಿ ಸಾಲಾ ಮುಂಚಿತ ತೀರಿಸಿದ್ರ ದಂಡಾ ಹಾಕೂ ಹಂಗಿಲ್ಲ, ಬ್ಯಾಂಕುಗಳಿಗೆ 2012ರಿಂದನ ಆ ನಿಯಮ ಅದ. ಹೊಸಾ ಕಡೆ ಪ್ರೊಸೆಸಿಂಗ್ ಫೀ, ವಕೀಲರ ಫೀ, ಮುದ್ರಾಂಕ ಎಲ್ಲಾ ಕೂಡಿಸಿ, ಉಳಿಯೋದು ಎಷ್ಟು ಅಂತ ಕಾಗದದ ಮ್ಯಾಲ ಲೆಕ್ಕಾ ಹಾಕ್ರಿ. ಮುಖ್ಯ, ಅವಧಿ ನೋಡ್ರಿ. ಹತ್ತು ವರ್ಷ ಉಳದ ಸಾಲಾನ ಮತ್ತ ಇಪ್ಪತ್ತು ವರ್ಷಕ್ಕ ಹಿಗ್ಗಿಸಿ, "ನೋಡ್ರಿ ಕಂತು ಎಷ್ಟು ಕಡಿಮಿ ಆತು" ಅಂತಾರ. ಕಂತು ಕಡಿಮಿ ಆತು, ಬಡ್ಡಿ ಕಟ್ಟೋ ವರ್ಷ ಹೆಚ್ಚಾದವು. ಟಾಪ್-ಅಪ್ ಅಂತೂ ಮನಿ ಮ್ಯಾಲ ಮತ್ತ ತಗೊಂಡ ಸಾಲನ, ಮಿಠಾಯಿ ಮ್ಯಾಲಿನ ಬೆಳ್ಳಿ ಹಾಳಿ ಅಲ್ಲ. ಅದು ಯಾರ ಸಲುವಾಗಿ, ಯಾರು ಕಟ್ಟತಾರ, ಅವರು ಕಟ್ಟದಿದ್ರ ಏನು, ಇಷ್ಟು ಕೇಳದ ನಾ ಇನ್ನ ಯಾವ ಕಾಗದಕ್ಕೂ ಸಹಿ ಮಾಡಂಗಿಲ್ಲ, ಮೈದುನನ ವ್ಯಾಪಾರಕ್ಕಾಗಲಿ, ಮಗನ ವ್ಯಾಪಾರಕ್ಕಾಗಲಿ.

ಸಾಲಾ ಪೂರಾ ತೀರಿದ 30 ದಿವಸದೊಳಗ ಮೂಲ ಕಾಗದ ವಾಪಸ್ ಕೊಡಬೇಕು, ತಡಾ ಮಾಡಿದ್ರ ದಿವಸಕ್ಕ 5,000 ರೂಪಾಯಿ ಬ್ಯಾಂಕಿನವರು ನಮಗ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಅದ. ಕಾಗದ ಕೊಟ್ಟಾಗ ಏನೇನು ಕೊಟ್ಟೀವಿ ಅಂತ ಪಟ್ಟಿ ಇಸಗೊಂಡಿರಬೇಕು, ಇಲ್ಲಾಂದ್ರ ಯಾವುದು ವಾಪಸ್ ಬಂತು, ಯಾವುದು ಬರಲಿಲ್ಲ ಅಂತ ಹೆಂಗ ತಿಳೀತದ? ಅಡಮಾನ ನೋಂದಣಿ ಆಗಿದ್ರ ಋಣಮುಕ್ತಿನೂ ನೋಂದಣಿ ಮಾಡಿಸ್ರಿ. ಸಾಲಾ ತೀರಿ ಎಷ್ಟೋ ವರ್ಷ ಆದ್ರೂ ಇ.ಸಿ. ಒಳಗ ಬ್ಯಾಂಕಿನ ಹೆಸರು ಹಂಗೇ ಕೂತಿರ್ತದ, ಮಾರೋ ಹೊತ್ತಿಗೆ ನೆನಪಾಗ್ತದ.

ಕೊಳ್ಳೋದರ ಬಗ್ಗೆ ಹೇಳಬೇಕಂದ್ರ, ನಮ್ಮ ಹುಬ್ಬಳ್ಳಿ-ಧಾರವಾಡದಾಗ ಗುಂಟಾ ಪ್ಲಾಟಿನ ಹುಚ್ಚು ಹೊಸಾದಲ್ಲ. ಹೊಲಾನ ಗುಂಟೆ ಲೆಕ್ಕದಾಗ ತುಂಡು ಮಾಡಿ, ಸುಣ್ಣದ ಗೆರಿ ಎಳದು, "ಎನ್.ಎ. ಆಗೂದದ್ರಿ" ಅಂತಾರ. 'ಆಗೂದದ' ಅಂದ್ರ ಆಗಿಲ್ಲ ಅಂತ ಅರ್ಥ. ಬಿನ್‌ಶೇತ್ಕಿ ಆಗಿರಬೇಕು, ಆಮ್ಯಾಲ ಲೇಔಟ್ ಮಂಜೂರಾತಿ ಬ್ಯಾರೇನ ಆಗಿರಬೇಕು. ಎರಡೂ ನೋಡ್ರಿ. ಜನರಲ್ ಪವರ್ ಆಫ್ ಅಟಾರ್ನಿ ಮ್ಯಾಲ ಮನಿ ಬರದು ಕೊಡ್ತೀವಿ ಅನ್ನೋರಿಗೆ ದೂರದಿಂದನ ನಮಸ್ಕಾರ. ಅಟಾರ್ನಿ ಪತ್ರ, ಬರೇ ಸಂಚಕಾರ ಪತ್ರ, ಇವುಗಳಿಂದ ಮಾಲಕಿ ಬರಂಗಿಲ್ಲ, ನೋಂದಣಿ ಆದ ಖರೇದಿ ಪತ್ರನ ಬೇಕು ಅಂತ ಸುಪ್ರೀಂ ಕೋರ್ಟ್ 2011ರಾಗನ ಸೂರಜ್ ಲ್ಯಾಂಪ್ ಕೇಸಿನಾಗ ಹೇಳೇದ. ಇ.ಸಿ. ಈಗ ಕಾವೇರಿ ಜಾಲತಾಣದಾಗ ಮನ್ಯಾಗ ಕೂತನ ತಗೀಬಹುದು. ಆದ್ರ ಇ.ಸಿ. ಸ್ವಚ್ಛ ಅದ ಅಂದಕೂಡ್ಲೆ ಹಿಗ್ಗಬ್ಯಾಡ್ರಿ, ನೋಂದಣಿ ಆದದ್ದಷ್ಟೇ ಅದರಾಗ ಕಾಣಸ್ತದ. ಬರೇ ಮೂಲ ಕಾಗದ ಬ್ಯಾಂಕಿನಾಗ ಇಟ್ಟು ಸಾಲಾ ತಗೊಂಡಿದ್ರ ಕಾಣದನೂ ಇರಬಹುದು. ಅದಕ್ಕ ಸೆರ್ಸಾಯಿ ಅಂತ ಕೇಂದ್ರದ ರಿಜಿಸ್ಟರ್ ಅದ, ಸಣ್ಣ ಫೀ ಕಟ್ಟಿ ಯಾರು ಬೇಕಾದವರು ಹುಡುಕಬಹುದು. ಝೆರಾಕ್ಸ್ ತೋರಿಸಿ "ಮೂಲ ಕಾಗದ ಊರಾಗ ಅಣ್ಣನ ಕಡೆ ಅವ" ಅಂದ್ರ, ಆ ಅಣ್ಣ ಬ್ಯಾಂಕೇ ಇರಬೇಕು ಅಂತ ತಿಳೀರಿ.

ಎರಡು ರೇಟಿನ ವ್ಯವಹಾರ ಎಲ್ಲಾರಿಗೂ ಗೊತ್ತಿದ್ದದ್ದು. ಅರವತ್ತು ಲಕ್ಷ ಕೊಟ್ಟು ಪತ್ರದಾಗ ನಲವತ್ತು ಬರಸೂದು. ಮುದ್ರಾಂಕ ಉಳೀತು ಅಂತ ಖುಷಿ. ಮುಂದ ಜಗಳಾ ಹತ್ತಿ ರೊಕ್ಕ ವಾಪಸ್ ಕೇಳೋ ಹೊತ್ತು ಬಂದ್ರ, ಕಾಗದ ನಲವತ್ತಕ್ಕಷ್ಟೇ ಸಾಕ್ಷಿ ಹೇಳ್ತದ. ಮನಿ ವ್ಯವಹಾರದಾಗ 20,000 ರೂಪಾಯಿ ಇಲ್ಲಾ ಅದಕ್ಕಿಂತ ಹೆಚ್ಚು ನಗದು ಇಸಗೊಳ್ಳೂದು ಆದಾಯ ತೆರಿಗಿ ಕಾಯ್ದೆಗೆ ವಿರುದ್ಧ. 2025ರ ಆಗಸ್ಟ್ ಕೊನೀಂದ ನೋಂದಣಿ ಫೀ ನೂರಕ್ಕ 1 ಇದ್ದದ್ದು 2 ಆಗೇದ, ಮುದ್ರಾಂಕ 5, ಮ್ಯಾಲ ಸೆಸ್ಸು-ಸರ್ಚಾರ್ಜು ಕೂಡಿ ಊರಾಗ 7.6 ತನಕ ಹೋಗ್ತದ. ಹೊಟ್ಟಿ ಉರೀತದ ಖರೆ. ಹೆಣ್ಣಮಕ್ಕಳ ಹೆಸರಿಲೆ ಮಾಡಿದ್ರ ರಿಯಾಯಿತಿ ಅದ ಅಂತ ಯಾರೋ ಹೇಳಿದ್ರು ಅಂತ ನೀವು ಕೇಳ್ತಿರ್ತೀರಿ. ಆ ಕಡೆ ಮಹಾರಾಷ್ಟ್ರದಾಗ ನೂರಕ್ಕ 1 ಬಿಡ್ತಾರ, ನಮ್ಮ ಕಡೆ ಮುದ್ರಾಂಕದಾಗ ಅಂಥಾದ್ದಿಲ್ಲ. ಯಾಕಿಲ್ಲ ಅಂತ ಓಟು ಕೇಳಲಿಕ್ಕೆ ಬಂದವರನ್ನ ಕೇಳಬೇಕು.

ಈಗ ಎಲ್ಲಾರಿಗೂ ಖಾರ ಹತ್ತೋ ಮಾತು. ಮನಿ ಕೊಳ್ಳುವಾಗ ನಾವು ಮಾರೋರನ್ನ ಕೇಳ್ತೀವಿ, "ಪಿತ್ರಾರ್ಜಿತ ಆಸ್ತಿ ಅಂತೀರಿ, ಅಕ್ಕ-ತಂಗ್ಯಾರ ಸಹಿ ಆಗೇದೇನ್ರಿ?" ಕೇಳಲೇಬೇಕು, ಇಲ್ಲಾಂದ್ರ ಮುಂದ ಅವರು ದಾವಾ ಹೂಡಿದ್ರ ನಾವು ಕೋರ್ಟು ಅಲೀಬೇಕು. ಆದ್ರ ನಮ್ಮ ಮನಿ ನಾದಿನಿ ಬಂದು ತನ್ನ ಪಾಲು ಕೇಳಿದ್ರ? "ಎಷ್ಟು ಆಸೆಬುರಕಿ ನೋಡು, ಲಗ್ನದಾಗ ಕೊಟ್ಟದ್ದು ಸಾಲಲಿಲ್ಲೇನು" ಅಂತೀವಿ. ಮಂದಿ ಮನಿ ಹೆಣ್ಣಮಕ್ಕಳಿಗೆ ಹಕ್ಕದ, ನಮ್ಮ ಮನಿ ಹೆಣ್ಣಮಕ್ಕಳಿಗೆ ಇಲ್ಲ. ಇದೆಂಥಾ ನ್ಯಾಯಾರೀ? ನಮ್ಮ ಕರ್ನಾಟಕದಾಗ 1994ರಾಗನ ಹೆಣ್ಣಮಕ್ಕಳಿಗೆ ಪಾಲಿನ ತಿದ್ದುಪಡಿ ಬಂದಿತ್ತು, ಅದಕ್ಕಿಂತ ಮೊದಲು ಲಗ್ನ ಆದವರಿಗೆ ಹತ್ತಿದ್ದಿಲ್ಲ. ನಂದು ಲಗ್ನ 1992, ನಾ ಹೊರಗ ಉಳದೆ. 2005ರ ಕೇಂದ್ರದ ತಿದ್ದುಪಡಿಯೊಳಗ ಆ ಭೇದ ಹೋತು. 2020ರಾಗ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದನ ಬರ್ತದ, 2005ರಾಗ ಅಪ್ಪ ಜೀವಂತ ಇದ್ದಿರಬೇಕು ಅಂತಿಲ್ಲ ಅಂತ ಹೇಳ್ತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿ ಆದ ವಾಟ್ನಿ ಆಗಿದ್ರ ಅದು ಮುಗದ ಮಾತು.

ನಾ ನನ್ನ ತವರಿನ ಹಕ್ಕುಬಿಡುಗಡೆ ಪತ್ರಕ್ಕ ಸಹಿ ಮಾಡೇನಿ, ಇಳಕಲ್ ಸೀರಿ ಕೊಟ್ರು, ಉಟಗೊಂಡು ಬಂದೆ. ಮನಸ್ಸಿನಿಂದನ ಬಿಟ್ಟೇನಿ, ಅದರ ಬಗ್ಗೆ ಹಳಹಳಿ ಇಲ್ಲ. ಆದ್ರ ಏನು ಬಿಟ್ಟೆ, ಎಷ್ಟು ಬಿಟ್ಟೆ ಅನ್ನೋದು ಇವತ್ತಿಗೂ ಗೊತ್ತಿಲ್ಲ. ತಿಳದು ಬಿಟ್ಟಿದ್ರ ಅದನ್ನ ದಾನ ಅನ್ನಬಹುದಿತ್ತು.

ಇದನ್ನೆಲ್ಲಾ ಮಾತಾಡಿದಾಗ ನಮ್ಮ ವೈನಿ ಅಂದ್ರು, "ಗಂಡನ ಮ್ಯಾಲ ವಿಶ್ವಾಸ ಇಲ್ಲದಾಕೀಗತೆ ಮಾತಾಡ್ತೀಯಲ್ಲ!" ವೈನಿ, ವಿಶ್ವಾಸ ಅದ. ಮೂವತ್ತು ವರ್ಷ ಮ್ಯಾಲಾತು, ಇಲ್ಲದ ಎಲ್ಲಿಗೆ ಹೋಗ್ಲಿ? ಅವರಿಗೂ ತಮ್ಮನ ಮ್ಯಾಲ ವಿಶ್ವಾಸ ಇತ್ತು, ತಮ್ಮಗ ತನ್ನ ಪಾರ್ಟನರ ಮ್ಯಾಲ ಇತ್ತು. ಎಲ್ಲಾರ ವಿಶ್ವಾಸ ಕೂಡಿ ನೋಟೀಸು ನನ್ನ ಹೆಸರಿಗೆ ಬಂತು. ಡಾಕ್ಟರರ ಮ್ಯಾಲ ವಿಶ್ವಾಸ ಇದ್ರೂ ಗುಳಗಿ ಮ್ಯಾಲಿನ ತಾರೀಖು ನೋಡೂದಿಲ್ಲೇನು? ಇವರೂ ಈಗ ಒಪ್ಪ್ಯಾರ, ನಾ ಕೇಳಿದ್ರ ಅವರಿಗೂ ಬೇಡ ಅನ್ನಲಿಕ್ಕೆ ಒಂದು ನೆವಾ ಸಿಗ್ತದಂತ. "ನಮ್ಮಾಕಿ ಓದದ ಸಹಿ ಮಾಡಂಗಿಲ್ಲ" ಅಂತ ಮೊನ್ನೆ ಒಬ್ಬ ಜಾಮೀನು ಕೇಳಲಿಕ್ಕೆ ಬಂದವಗ ಹೇಳಿ ಕಳಿಸಿದ್ರು. ನಾ ಒಳಗ ಕೇಳಿಸಿಕೊಂಡು ಅವಲಕ್ಕಿಗೆ ಎರಡು ಚಮಚಾ ಶೇಂಗಾ ಹೆಚ್ಚಿಗೆ ಹಾಕಿದೆ.

ಹೆಸರು ಹಾಕಸೂದು ತಡಾ ಆಗೇದ ಅನ್ನೋರಿಗೆ ಒಂದು ಮಾತು: ಗಂಡ ಹೆಂಡತಿಗೆ ದಾನಪತ್ರ ಮಾಡಿ ಪಾಲು ಕೊಡಬಹುದು, ಮನ್ಯಾಗಿನವರಿಗೆ ಕೊಟ್ಟ ದಾನಕ್ಕ ನಮ್ಮ ರಾಜ್ಯದಾಗ ಮುದ್ರಾಂಕ ಶೇಕಡಾ ಲೆಕ್ಕದಾಗಿಲ್ಲ, ಕೆಲವು ಸಾವಿರದಾಗ ಮುಗೀತದ. ಸಾಲಾ ಇದ್ರ ಬ್ಯಾಂಕಿನ ಒಪ್ಪಿಗಿ ಬೇಕು. ಹೆಂಗಸಿನ ಹೆಸರಿಗೆ ಬಂದದ್ದು ಆಕಿ ಪೂರಾ ಸ್ವಂತದ್ದು, 1956ರ ಕಾಯ್ದೆಯೊಳಗನ ಅದ.

ಬರೋ ಸೋಮವಾರ ನಮ್ಮ ಅಕ್ಕನ ಸೊಸಿದು ಫ್ಲ್ಯಾಟ್ ನೋಂದಣಿ. ಕರಡು ಪತ್ರ ನಾಕು ದಿವಸ ಮೊದಲನ ತರಸಿ ಓದೇವಿ. ಚಕ್ಕುಬಂದಿಯೊಳಗ ಉತ್ತರ-ದಕ್ಷಿಣ ಅದಲಿಬದಲಿ ಆಗಿತ್ತು, ಆಕಿ ಹೆಸರಿನಾಗ ಒಂದು ಅಕ್ಷರ ತಪ್ಪಿತ್ತು, ಎರಡೂ ತಿದ್ದಿಸ್ಯಾಳ. ನನಗೂ ಬಾ ಅಂದಾಳ. ಹೊಸಾ ನಂಬರಿನ ಕನ್ನಡಕ ನಾಳೆ ಬರ್ತದ. ಮುಂಜಾನೆ ಹತ್ತಕ್ಕ ಹೋಗೂದು, ಸರ್ವರ್ ನಿಂತ್ರ ಸಂಜೀ ತನಕ ಕೂಡಬೇಕಾಗ್ತದ, ಅದಕ್ಕ ಒಂದು ಡಬ್ಬಿ ತುಂಬ ಚುರಮುರಿ ಕಲಸಿ ತಗೊಂಡು ಹೋಗಬೇಕು ಅಂತ ಮಾಡೇವಿ.